ಎರಡು ಹನಿಗಳ ನಡುವಿನ ಐದು ನಿಮಿಷ

ದೊಡ್ಡಮ್ಮ ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಹೋಗಿ ಆರು ವಾರವಾಗಿತ್ತು. ಅರಸೀಕೆರೆಯ ಮನೆಯಲ್ಲಿ ದೊಡ್ಡಪ್ಪ ಒಬ್ಬರೇ. ಅವರು ರೈಲ್ವೆಯಲ್ಲಿ ಡ್ರೈವರ್ ಆಗಿದ್ದವರು. ಬಹಳ ವರ್ಷ ಗೂಡ್ಸ್ ಗಾಡಿ, ಕೊನೆಗೆ ಪ್ಯಾಸೆಂಜರ್. ನಾನು ಬೆಂಗಳೂರಿನಲ್ಲಿ, ದಿನದ ಕೆಲಸಗಳನ್ನು ಒಂದೊಂದಾಗಿ ಮುಂದಿಟ್ಟು ಮಾಡಿಸುವ ಆ್ಯಪ್ ಕಟ್ಟುವ ಸಣ್ಣ ತಂಡದಲ್ಲಿದ್ದೇನೆ. ಒಂದು ಶನಿವಾರ ಅವರನ್ನು ನೋಡಿಬರಲು ಹೋದಾಗ ಶುರುವಾದ ಮಾತು ಭಾನುವಾರ ಬೆಳಿಗ್ಗೆಯವರೆಗೂ ಬಿಟ್ಟು ಬಿಟ್ಟು ನಡೆಯಿತು. ನೆನಪಿರುವಷ್ಟನ್ನು ಇಲ್ಲಿ ಜೋಡಿಸಿದ್ದೇನೆ.

ದೊಡ್ಡಪ್ಪ: ಕಾಫಿಗೆ ಕೂತಾಗಿನಿಂದ ನಾಲ್ಕು ಸಲ ಬಡ್ಕೊಂತಲ್ಲಮ್ಮ ನಿನ್ನ ಫೋನು. ಯಾರದು?

ನಾನು: ಯಾರದೂ ಅಲ್ಲ ದೊಡ್ಡಪ್ಪ, ನಾವು ಮಾಡ್ತಿರೋ ಆ್ಯಪ್. ನೀರು ಕುಡಿ ಅಂತಿದೆ.

ದೊಡ್ಡಪ್ಪ: ಆಗಲೇ ಕುಡಿದೆಯಲ್ಲ. ಚೊಂಬು ಕೊಟ್ಟವನು ನಾನೇ.

ನಾನು: ಕುಡಿದದ್ದು ಅದಕ್ಕೆ ಗೊತ್ತಾಗಲ್ಲ. ನಾನು ಒತ್ತಿ ಹೇಳಬೇಕು.

ದೊಡ್ಡಪ್ಪ: ಕೆಲಸ ಮಾಡಿದ ಮೇಲೆ ಮಾಡಿದೆ ಅಂತ ಹೇಳೋದೂ ಒಂದು ಕೆಲಸವೇ. ಅದಿರಲಿ, ಅದೇನು ಮಾಡುತ್ತೆ, ಸರಿಯಾಗಿ ಹೇಳು.

ನಾನು: ರೊಟೀನ್ ಅಂತೀವಿ. ಬೆಳಗಿಗೆ ಒಂದು, ಕೆಲಸಕ್ಕೆ ಕೂರೋದಕ್ಕೆ ಒಂದು, ಮಲಗೋದಕ್ಕೆ ಒಂದು, ಹೀಗೆ ನಮಗೆ ಬೇಕಾದ್ದನ್ನ ನಾವೇ ಮಾಡ್ಕೊಳ್ಳೋದು. ಒಂದೊಂದರಲ್ಲೂ ಹೆಜ್ಜೆಗಳು, ಒಂದೊಂದು ಹೆಜ್ಜೆಗೂ ಇಷ್ಟು ನಿಮಿಷ. ಶುರು ಅಂತ ಒತ್ತಿದರೆ ಮೊದಲನೇ ಹೆಜ್ಜೆ ಪರದೆ ತುಂಬ ಬರುತ್ತೆ, ಸುತ್ತ ಒಂದು ಬಳೆ ಕರಗ್ತಾ ಹೋಗುತ್ತೆ. ಕೆಳಗೆ ಮೂರು ಗುಂಡಿ: ಆಯ್ತು, ಇನ್ನೆರಡು ನಿಮಿಷ, ಇವತ್ತು ಬೇಡ. ಮೊದಲನೇದನ್ನೋ ಕೊನೇದನ್ನೋ ಒತ್ತಿದರೆ ಮುಂದಕ್ಕೆ ಹೋಗುತ್ತೆ.

ದೊಡ್ಡಪ್ಪ: ಮಿಕ್ಕ ಹೆಜ್ಜೆಗಳು ಕಾಣಲ್ವಾ?

ನಾನು: ಮೊದಮೊದಲು ಎಲ್ಲಾ ಕಾಣೋ ಹಾಗೆ ಇಟ್ಟಿದ್ವಿ. ನನ್ನದೇ ಬೆಳಗಿನ ಪಟ್ಟಿಯಲ್ಲಿ ಹದಿನಾಲ್ಕು ಹೆಜ್ಜೆ ಇತ್ತು. ಕಣ್ಣು ಬಿಟ್ಟ ಕೂಡಲೇ ಹದಿನಾಲ್ಕೂ ಎದುರಿಗೆ ನಿಂತರೆ ಎದೆ ಭಾರ ಆಗೋದು. ಮೂರನೇ ದಿನ ಫೋನು ಮಗುಚಿಟ್ಟು ಮತ್ತೆ ಮಲಗಿದೆ. ಆಮೇಲೆ ಬರೀ ಒಂದನ್ನೇ ತೋರಿಸಿದ್ವಿ. ಆಗ ಇನ್ನೊಂದು ತೊಂದರೆ. ಮುಂದೇನು ಅಂತ ತಿಳಿಯದೆ ಜನಕ್ಕೆ ಕತ್ತಲಲ್ಲಿ ನಡೆದ ಹಾಗೆ ಆಗ್ತಿತ್ತು.

ದೊಡ್ಡಪ್ಪ: ಎಂಜಿನ್‌ನಲ್ಲೂ ಹಾಗೇ ಕಣಮ್ಮ. ಹುಬ್ಬಳ್ಳಿವರೆಗಿನ ಸಿಗ್ನಲ್ಲುಗಳನ್ನೆಲ್ಲ ತಲೇಲಿ ಹೊತ್ತುಕೊಂಡು ಯಾರೂ ಗಾಡಿ ಓಡಿಸಲ್ಲ. ಎದುರಿಗಿರೋದು ಕಾಣಬೇಕು, ಅದರಾಚೆಯದರ ಸುಳಿವು ಸಿಗಬೇಕು. ಒಂದು ಹಳದಿ ಬಿದ್ದರೆ ಮುಂದಿನ ಸಿಗ್ನಲ್‌ನಲ್ಲಿ ನಿಲ್ಲೋಕೆ ತಯಾರಾಗು ಅಂತ. ಹಸಿರು ಬಿದ್ದರೆ ಹೋಗು ಅಂತ. ಹಳದಿ ಅಂದರೇನು, ಮುಂದಿನದರ ವಿಷಯ ಇಲ್ಲೇ ಹೇಳೋದು ತಾನೆ?

ನಾನು: ಹಾಗೇ ಮಾಡಿದ್ವಿ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಮುಂದೆ: ಸ್ನಾನ’ ಅಂತ ಬರುತ್ತೆ, ಅಷ್ಟೇ.

ದೊಡ್ಡಪ್ಪ: ಎಬ್ಬಿಸೋದು ಯಾರು? ನಮ್ಮ ಕಾಲದಲ್ಲಿ ಕಾಲ್ ಬಾಯ್ ಅಂತ ಒಬ್ಬ ಇರೋನು. ಗೂಡ್ಸ್ ಡ್ರೈವರಿಗೆ ಹೊತ್ತು ಅನ್ನೋದಿಲ್ಲ. ಗಾಡಿ ಯಾವಾಗ ತಯಾರೋ ಆವಾಗ ಕರೆ. ಎರಡು ಗಂಟೆ ಮುಂಚೆ ಸೈಕಲ್ ಮೇಲೆ ಬಂದು ಬಾಗಿಲು ಬಡಿಯೋನು. ಒಳಗಿನಿಂದ ಹೂಂ ಅಂದರೆ ಒಪ್ತಿರಲಿಲ್ಲ. ಎದ್ದು ಬಂದು ಪುಸ್ತಕದಲ್ಲಿ ಸಹಿ ಹಾಕಬೇಕು. ಸಹಿ ಹಾಕೋಷ್ಟರಲ್ಲಿ ನಿದ್ದೆ ಬಿಟ್ಟಿರ್ತಿತ್ತು.

ನಾನು: ನಮ್ಮ ಕಷ್ಟ ಏನು ಗೊತ್ತಾ? ನಮ್ಮ ಕಾಲ್ ಬಾಯನ್ನ ಗೇಟ್‌ನಲ್ಲೇ ತಡೀತಾರೆ. 2015ರಲ್ಲಿ ಆ್ಯಂಡ್ರಾಯ್ಡ್ 6 ಬಂದಾಗಿನಿಂದ, ಚಾರ್ಜಿಗೆ ಹಾಕದೆ ಅಲುಗಾಡದೆ ಬಿದ್ದಿರೋ ಫೋನು ಗಾಢ ನಿದ್ದೆಗೆ ಹೋಗುತ್ತೆ. ಆ ನಿದ್ದೆಯಲ್ಲಿ ಆ್ಯಪ್‌ಗಳ ಮಾಮೂಲಿ ಅಲಾರಂಗಳನ್ನ ಹಿಂದಕ್ಕೆ ತಳ್ಳಿಬಿಡುತ್ತೆ. 2021ರ ಆ್ಯಂಡ್ರಾಯ್ಡ್ 12ರಿಂದ, ಹೇಳಿದ ನಿಮಿಷಕ್ಕೆ ಸರಿಯಾಗಿ ಎಬ್ಬಿಸಬೇಕಾದರೆ ಅದಕ್ಕೇ ಪ್ರತ್ಯೇಕ ಅನುಮತಿ ಬೇಕು. 13ರಲ್ಲಿ ನೋಟಿಫಿಕೇಶನ್ ತೋರಿಸೋಕ್ಕೂ ಕೇಳಬೇಕು. 2023ರ 14ರಲ್ಲಿ ಹೊಸದಾಗಿ ಹಾಕ್ಕೊಂಡ ಹೆಚ್ಚಿನ ಆ್ಯಪ್‌ಗಳಿಗೆ ಆ ನಿಖರ ಅಲಾರಮ್ಮಿನ ಅನುಮತಿ ತಾನಾಗಿ ಸಿಗೋದೇ ಇಲ್ಲ, ಬಳಸೋರು ಸೆಟ್ಟಿಂಗ್ಸ್‌ಗೆ ಹೋಗಿ ಕೊಡಬೇಕು.

ದೊಡ್ಡಪ್ಪ: ಬ್ಯಾಟರಿ ಉಳಿಸೋಕೆ ಮಾಡಿರ್ತಾರೆ. ತಪ್ಪಲ್ಲ.

ನಾನು: ತಪ್ಪಲ್ಲ. ಆದರೆ ಮಾತ್ರೆ ಹೊತ್ತಿಗೆ ಅಂತ ನಂಬಿಕೊಂಡವರಿಗೆ ಇದನ್ನ ಮೊದಲ ದಿನವೇ ಬಿಡಿಸಿ ಹೇಳಬೇಕು. ನಾವು ಹೇಳಿರಲಿಲ್ಲ. ಐಫೋನಿನಲ್ಲಿ ಇನ್ನೊಂದು ಬಗೆಯ ಪೆಟ್ಟು. ಅಲ್ಲಿ ಒಂದು ಆ್ಯಪ್ ಮುಂಚೆಯೇ ಸಾಲು ಹಚ್ಚಿಡಬಹುದಾದ ನೋಟಿಫಿಕೇಶನ್ 64 ಮಾತ್ರ. ನಾನು ಹದಿನಾಲ್ಕು ಹೆಜ್ಜೆಯನ್ನ ಏಳು ದಿನಕ್ಕೆ ಹಚ್ಚಿಟ್ಟೆ, 98 ಆಯ್ತು. ನಡುವೆ ಆ್ಯಪ್ ತೆರೆಯದಿದ್ದರೆ ಸೋಮವಾರದಿಂದ ಗುರುವಾರದವರೆಗೆ ಸರಿ, ಶುಕ್ರವಾರ ಎಂಟನೇ ಹೆಜ್ಜೆ ಮುಗಿದ ಮೇಲೆ ಸದ್ದೇ ಇಲ್ಲ. ಎಲ್ಲಿ ತಪ್ಪಿದೆ ಅಂತ ನಾಲ್ಕು ದಿನ ಹುಡುಕಿದೆ.

ದೊಡ್ಡಪ್ಪ: ಏನು ಮಾಡಿದೆ ಆಮೇಲೆ?

ನಾನು: ದಿನಕ್ಕೆ ಒಂದೇ ಕರೆ, ಶುರುವಿಗೆ ಮಾತ್ರ. ಮಿಕ್ಕ ಹೆಜ್ಜೆಗಳ ಕರೆ ಶುರು ಒತ್ತಿದ ಮೇಲೆ ಹಚ್ಚಿಕೊಳ್ಳುತ್ತೆ. ಹೊರಡದ ಗಾಡಿಗೆ ಮುಂದಿನ ಸ್ಟೇಷನ್ನುಗಳಲ್ಲೆಲ್ಲ ಗಂಟೆ ಹೊಡೆಸೋದು ಯಾಕೆ?

ದೊಡ್ಡಪ್ಪ: ಅದು ಸರಿ. ಆದರೂ ಕಾಫಿ ಕುಡಿಯೋವಾಗ ನಾಲ್ಕು ಸಲ ಕೂಗಿತಲ್ಲ, ಅದು ಸರಿ ಕಾಣಲಿಲ್ಲ. ಎಂಜಿನ್‌ನಲ್ಲಿ ವಿಸಿಡಿ ಅಂತ ಒಂದಿದೆ, ವಿಜಿಲೆನ್ಸ್ ಕಂಟ್ರೋಲ್ ಡಿವೈಸ್. ಡ್ರೈವರ್ ಎಚ್ಚರ ಇದ್ದಾನಾ ಅಂತ ನೋಡೋದು. 60 ಸೆಕೆಂಡು ನನ್ನ ಕೈಯಿಂದ ಏನೂ ಆಗಲಿಲ್ಲ ಅಂದರೆ ಒಂದು ದೀಪ ಮಿನುಗುತ್ತೆ. ಅದಕ್ಕೂ ಸುಮ್ಮನಿದ್ದರೆ ಬಜರ್ ಹೊಡ್ಕೊಳ್ಳುತ್ತೆ. ಅದಕ್ಕೂ ಇಲ್ಲ ಅಂದರೆ ಬ್ರೇಕ್ ತಾನೇ ಬೀಳುತ್ತೆ, ಗಾಡಿ ನಿಲ್ಲುತ್ತೆ. ಅದರಲ್ಲಿ ನನಗೆ ಹಿಡಿಸಿದ್ದು ಏನು ಹೇಳು? ನಾನು ಹಾರ್ನ್ ಹೊಡೆದಿರಲಿ, ಎಂಜಿನ್ನಿನ ಬಲ ಹೆಚ್ಚಿಸೋ ನಾಚ್ ಏರಿಸಿರಲಿ, ಬ್ರೇಕ್ ಹಿಡಿದಿರಲಿ, ಅದೇ ಅದಕ್ಕೆ ಉತ್ತರ. ಮತ್ತೆ 60 ಸೆಕೆಂಡು ಮೊದಲಿಂದ ಎಣಿಸ್ಕೊಳ್ಳುತ್ತೆ. ಕೆಲಸ ಮಾಡ್ತಿರೋ ಡ್ರೈವರನ್ನ ಅದು ಮಾತಾಡ್ಸೋದೇ ಇಲ್ಲ.

(ಇಲ್ಲಿ ನಾನು ಲ್ಯಾಪ್‌ಟಾಪ್ ತೆರೆದು ಬರೆದುಕೊಂಡೆ. ನೆನಪಿಸುವುದು ಅಂದರೆ ಸದ್ದು ಮಾಡುವುದು ಅಂತಲೇ ನಾವು ಅಷ್ಟು ದಿನ ಅಂದುಕೊಂಡಿದ್ದೆವು. ಯಾವಾಗ ಸುಮ್ಮನಿರಬೇಕು ಎಂಬ ಪ್ರಶ್ನೆ ನಮ್ಮ ಯಾವ ಸಭೆಯಲ್ಲೂ ಬಂದಿರಲಿಲ್ಲ.)

ನಾನು: ಫೋನಿಗೂ ಸ್ವಲ್ಪ ಗೊತ್ತಾಗೋ ದಾರಿ ಇದೆ ದೊಡ್ಡಪ್ಪ. ರೊಟೀನ್ ನಡೀತಿರೋವಾಗ ಆ್ಯಪಿನದೇ ಬೇರೆ ನೆನಪೋಲೆಗಳನ್ನ ತಡೀಬಹುದು. ನಡೆಯೋ ಹೆಜ್ಜೆಯಲ್ಲಿ ಕಾಲ್ಹೆಜ್ಜೆಗಳ ಎಣಿಕೆ ಏರ್ತಿದ್ದರೆ ಸುಮ್ಮನಿರಬಹುದು. ಮೊದಲು ಬರೀ ದೀಪ, ಆಮೇಲೆ ಮೆಲ್ಲಗೆ ಒಂದು ನಡುಕ, ಕೊನೆಗೆ ಸದ್ದು.

ದೊಡ್ಡಪ್ಪ: ಬ್ರೇಕ್ ಮಾತ್ರ ಬೇಡ. ಅದು ಸಾವಿರಾರು ಜನ ಕೂತಿರೋ ಗಾಡಿಗೆ.

ನಾನು: ನಿಮಗೆ ಆವತ್ತೆಲ್ಲ ದಿನಚರಿ ಹೇಗೆ ನಡೀತಿತ್ತು? ಒಂದು ದಿನ ರಾತ್ರಿ ಎರಡಕ್ಕೆ ಕರೆ, ಇನ್ನೊಂದು ದಿನ ಮಧ್ಯಾಹ್ನ.

ದೊಡ್ಡಪ್ಪ: ಹೊತ್ತು ಬದಲಾಗೋದು, ಕ್ರಮ ಬದಲಾಗ್ತಿರಲಿಲ್ಲ. ಕರೆ ಬಂತು, ಸ್ನಾನ, ಊಟ, ಬುತ್ತಿ ಡಬ್ಬಿ, ಟಾರ್ಚು. ಲಾಬಿಗೆ ಹೋಗಿ ಡ್ಯೂಟಿಗೆ ಸೈನ್ ಆನ್. ಕೊನೆಯ ವರ್ಷಗಳಲ್ಲಿ ಬಾಯಿಗೆ ಉಪಕರಣ ಹಿಡಿದು ಊದಬೇಕಿತ್ತು, ಕುಡಿದಿಲ್ಲ ಅಂತ. ಕಾಷನ್ ಆರ್ಡರ್ ಓದಿ ಸಹಿ ಹಾಕೋದು, ಎಲ್ಲೆಲ್ಲಿ ವೇಗ ಇಳಿಸಬೇಕು ಅಂತ ಅದರಲ್ಲಿರುತ್ತೆ. ಆಮೇಲೆ ಎಂಜಿನ್ ನೋಡೋದು, ಬ್ರೇಕ್ ನೋಡೋದು. ಬೆಳಿಗ್ಗೆ ಆರಕ್ಕೆ ಅನ್ನೋದು ನನಗೆ ಯಾವತ್ತೂ ಇರಲೇ ಇಲ್ಲ. ಕರೆ ಬಂದ ಮೇಲೆ ಅನ್ನೋದಿತ್ತು.

ನಾನು: ಪೀಟರ್ ಗಾಲ್ವಿಟ್ಸರ್ ಅನ್ನೋ ಮನಶ್ಶಾಸ್ತ್ರಜ್ಞರು 1999ರಲ್ಲಿ ಇದನ್ನೇ ಬರೆದಿದ್ದಾರೆ. ‘ವ್ಯಾಯಾಮ ಮಾಡ್ತೀನಿ’ ಅಂದುಕೊಳ್ಳೋದಕ್ಕಿಂತ ‘ಇಂಥದ್ದು ಆದಾಗ ಇಂಥದ್ದು ಮಾಡ್ತೀನಿ’ ಅಂತ ಮುಂಚೆಯೇ ಗಂಟು ಹಾಕಿಟ್ಟರೆ ಕೆಲಸ ಆಗೋದು ಹೆಚ್ಚು. ನಮ್ಮಲ್ಲಿ ಈಗ ರೊಟೀನಿಗೆ ಗಂಟೆ ಹಾಕಲೇಬೇಕು ಅನ್ನೋ ಕಟ್ಟು ತೆಗೆದಿದ್ದೀವಿ. ಎದ್ದ ಮೇಲೆ, ಊಟ ಆದ ಮೇಲೆ, ಮನೆಗೆ ಬಂದ ಮೇಲೆ ಅಂತ ಇಡಬಹುದು.

ದೊಡ್ಡಪ್ಪ: ರಾತ್ರಿ 11.50ಕ್ಕೆ ಸೈನ್ ಆನ್ ಆಗಿ ಬೆಳಿಗ್ಗೆ ಎಂಟಕ್ಕೆ ಇಳಿದವನಿಗೆ ‘ಇವತ್ತು’ ಯಾವುದು ಅಂತ ಲೆಕ್ಕ ಹಾಕ್ತೀರಿ?

ನಾನು: ಮೊದಲು ಹನ್ನೆರಡು ಹೊಡೆದರೆ ದಿನ ಮುಗೀತು ಅಂತಲೇ ಇಟ್ಟಿದ್ದೆ. ರಾತ್ರಿ ಪಾಳಿಯ ನರ್ಸ್ ಒಬ್ಬರು ಬರೆದರು: ಅರ್ಧ ರೊಟೀನ್ ಮಾಡಿರ್ತೀನಿ, ಅಷ್ಟರಲ್ಲಿ ನಿಮ್ಮ ಆ್ಯಪ್ ಅದನ್ನ ನಿನ್ನೆಯ ಬಾಕಿ ಅಂತ ಕೆಂಪು ಮಾಡುತ್ತೆ ಅಂತ. ಈಗ ರೊಟೀನ್ ಶುರುವಾದ ದಿನಕ್ಕೇ ಅದು ಸೇರಿದ್ದು, ಮುಗಿಯೋದು ಯಾವಾಗಲೇ ಆಗಲಿ. ಇನ್ನು ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ರಾತ್ರಿ ಎರಡರಿಂದ ಮೂರಕ್ಕೆ ಜಿಗಿಯುತ್ತೆ. ಎರಡೂವರೆ ಅನ್ನೋ ಹೊತ್ತು ಆವತ್ತು ಇರೋದೇ ಇಲ್ಲ. ಅಂಥವು ಒಂದೊಂದೂ ನೋಡಬೇಕು. ಬಳೆ ಕರಗುತ್ತೆ ಅಂದೆನಲ್ಲ, ಅದರಲ್ಲೂ ಒಂದು ಪಾಠ ಕಲಿತೆ. ಎಷ್ಟು ನಿಮಿಷ ಉಳಿದಿದೆ ಅಂತ ಬರೆದಿಟ್ಟು ಒಂದೊಂದೇ ಕಳೀತಾ ಹೋದರೆ, ನಡುವೆ ಫೋನು ಆ್ಯಪನ್ನ ಮಲಗಿಸಿದಾಗ ಎಣಿಕೆ ನಿಂತುಬಿಡುತ್ತೆ. ಹೆಜ್ಜೆ ಯಾವಾಗ ಮುಗಿಯಬೇಕು ಅನ್ನೋ ಹೊತ್ತನ್ನ ಬರೆದಿಡಬೇಕು. ಎಚ್ಚರವಾದಾಗ ಗಡಿಯಾರ ನೋಡಿ ಕಳೆದುಕೊಂಡರೆ ಸರಿ ಹೋಗುತ್ತೆ.

ದೊಡ್ಡಪ್ಪ: ಸ್ಟೇಷನ್ನಿಗೆ ಮುಟ್ಟೋ ಹೊತ್ತು ಬರೆದಿರುತ್ತೆ, ದಾರಿಯಲ್ಲಿ ಕಳೆದ ಹೊತ್ತಲ್ಲ. ಹೌದು.

ದೊಡ್ಡಪ್ಪ ಎದ್ದು ಅಕ್ಕಿ ತೊಳೆದಿಟ್ಟು ಬಂದರು. ನಾನು ಅವರಿಗೆ ಆ್ಯಪ್‌ನ ತಿಂಗಳ ಪುಟ ತೋರಿಸಿದೆ. ಮಾಡಿದ ದಿನ ಹಸಿರು ಚೌಕ, ತಪ್ಪಿದ ದಿನ ಬೂದು, ಮೇಲೆ ದೊಡ್ಡದಾಗಿ ಸತತ ದಿನಗಳ ಸಂಖ್ಯೆ. ನನ್ನದು ಹತ್ತೊಂಬತ್ತರವರೆಗೆ ಹೋಗಿ ಸೊನ್ನೆಗೆ ಬಿದ್ದಿತ್ತು.

ದೊಡ್ಡಪ್ಪ: ಸೊನ್ನೆ ಯಾಕೆ?

ನಾನು: ಒಂದು ದಿನ ಜ್ವರ ಬಂತು. ತಪ್ಪಿತು.

ದೊಡ್ಡಪ್ಪ: ಹತ್ತೊಂಬತ್ತು ದಿನ ಮಾಡಿದ್ದು ಎಲ್ಲಿ ಹೋಯ್ತು?

ನಾನು: ಲೆಕ್ಕದಿಂದ ಹೋಯ್ತು. ಇದನ್ನ ಇಟ್ಟರೆ ಜನ ಬಿಡದೆ ಬರ್ತಾರೆ ಅಂತ ಇಡ್ತಾರೆ. ನನಗೆ ಮಾತ್ರ ಸೊನ್ನೆ ಕಂಡ ಮೇಲೆ ಹತ್ತು ದಿನ ತೆರೆಯೋಕೇ ಮನಸ್ಸಾಗಲಿಲ್ಲ.

ದೊಡ್ಡಪ್ಪ: ನೋಡು, ಒಂದು ಸೆಕ್ಷನ್‌ನಲ್ಲಿ ಗಾಡಿ ಓಡಿಸಬೇಕಾದರೆ ಮೊದಲು ಆ ದಾರಿ ಕಲೀಬೇಕು. ಎಲ್ಆರ್ ಅಂತೀವಿ, ಲರ್ನಿಂಗ್ ರೋಡ್. ಸಿಗ್ನಲ್ ಯಾವ ತಿರುವಿನಲ್ಲಿದೆ, ಏರು ಎಲ್ಲಿ, ಇಳಿಜಾರು ಎಲ್ಲಿ ಅಂತ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯೋ ಘಾಟಿ ಇದೆಯಲ್ಲ, 55 ಕಿಲೋಮೀಟರು, 57 ಸುರಂಗ, ಐವತ್ತಕ್ಕೆ ಒಂದು ಇಳಿಜಾರು. ಅದನ್ನ ಕಲಿಯದೆ ಯಾರೂ ಇಳಿಸೋ ಹಾಗಿಲ್ಲ. ಕಲಿತವನು ಮೂರು ತಿಂಗಳಿಗಿಂತ ಹೆಚ್ಚು ಆ ಕಡೆ ಹೋಗಲಿಲ್ಲ ಅಂದರೆ ಮತ್ತೆ ಎಲ್ಆರ್ ಮಾಡಬೇಕು. ಬಿಟ್ಟ ದಿನ ಹೆಚ್ಚಾದ ಹಾಗೆ ಟ್ರಿಪ್ಪೂ ಹೆಚ್ಚು. ಆದರೆ ನೀನು ಡ್ರೈವರೇ ಅಲ್ಲ, ಮೊದಲಿಂದ ಶುರು ಮಾಡು ಅಂತ ಯಾರೂ ಹೇಳಲ್ಲ. ಒಂದು ದಿನ ರಜ ಹಾಕಿದವನಿಗಂತೂ ಏನೂ ಕೇಳಲ್ಲ.

ನಾನು: ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನ ಹನ್ನೆರಡು ವಾರ ನೋಡಿದರು. ಒಬ್ಬೊಬ್ಬರೂ ದಿನಾ ಒಂದೇ ಸಂದರ್ಭದಲ್ಲಿ ಒಂದೇ ಕೆಲಸ ಮಾಡಬೇಕು. ಊಟದ ಜೊತೆ ನೀರು ಕುಡಿಯೋದು, ಇಲ್ಲ ಸ್ವಲ್ಪ ಓಟ, ಹೀಗೆ. ಅದು ಯೋಚಿಸದೆ ಆಗೋ ಮಟ್ಟಕ್ಕೆ ಬರೋಕೆ ನಡುಮಟ್ಟದಲ್ಲಿ 66 ದಿನ. ಆದರೆ ಅವರ ಲೆಕ್ಕದಲ್ಲಿ ಅದು 18ರಿಂದ 254 ದಿನದವರೆಗೂ ಹರಡಿತ್ತು. ಒಂದು ದಿನ ತಪ್ಪಿದರೆ ಏನೂ ಹಾಳಾಗಲಿಲ್ಲ. ಹೀಗಿದ್ದೂ 21 ದಿನ ಅನ್ನೋ ಮಾತು ಇವತ್ತಿಗೂ ಓಡಾಡ್ತಿದೆ. ಅದರ ಬೇರು 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನೋ ಪ್ಲಾಸ್ಟಿಕ್ ಸರ್ಜನ್ ಬರೆದ ಪುಸ್ತಕದಲ್ಲಿದೆ. ಮುಖದ ಶಸ್ತ್ರಚಿಕಿತ್ಸೆ ಆದವರು ಹೊಸ ಮುಖಕ್ಕೆ ಹೊಂದಿಕೊಳ್ಳೋಕೆ ಕಡೇ ಪಕ್ಷ ಇಷ್ಟು ದಿನ ಬೇಕು ಅಂತ ಅವರು ಗಮನಿಸಿದ್ದು. ಹಲ್ಲುಜ್ಜೋ ಅಭ್ಯಾಸಕ್ಕೂ ಅದಕ್ಕೂ ಏನು ಸಂಬಂಧ?

ದೊಡ್ಡಪ್ಪ: ಹಾಗಾದರೆ ಆ ಸೊನ್ನೆ ತೆಗಿ.

ನಾನು: ತೆಗೀತೀನಿ. ನಿಮ್ಮ ಎಲ್ಆರ್ ಹಾಕ್ತೀನಿ. ಒಂದೆರಡು ದಿನ ತಪ್ಪಿದರೆ ಏನೂ ಹೇಳಲ್ಲ. ಎರಡು ವಾರ ಬಿಟ್ಟು ಬಂದರೆ ಪೂರ್ತಿ ರೊಟೀನ್ ಎದುರಿಗಿಡದೆ ಮೊದಲ ಮೂರು ಹೆಜ್ಜೆ ಮಾತ್ರ. ದಾರಿ ಮತ್ತೆ ಪರಿಚಯವಾಗಲಿ, ಆಮೇಲೆ ಮಿಕ್ಕದ್ದು.

ದೊಡ್ಡಪ್ಪ: ಲೇಟಾದರೆ? ಎಂಟಕ್ಕೆ ಎದ್ದರೆ?

ನಾನು: ಈಗ ಎಲ್ಲ ಹೆಜ್ಜೆಯೂ ತಡ, ತಡ, ತಡ ಅಂತ ತೋರಿಸುತ್ತೆ.

ದೊಡ್ಡಪ್ಪ: ಡ್ರೈವರ್ ಕೈಲಿರೋ ವರ್ಕಿಂಗ್ ಟೈಮ್ ಟೇಬಲ್‌ನಲ್ಲಿ ಗಾಡಿ ಓಡೋ ಹೊತ್ತಿನ ಮೇಲೆ ಅಲ್ಲಲ್ಲಿ ಒಂದಿಷ್ಟು ನಿಮಿಷ ಹೆಚ್ಚಿಗೆ ಕೊಟ್ಟಿರ್ತಾರೆ. ಎಲ್ಲೋ ಹಳಿ ಕೆಲಸ ನಡೀತಿರುತ್ತೆ, ಎಲ್ಲೋ ಇನ್ನೊಂದು ಗಾಡಿಗೆ ಕಾಯಬೇಕು. ಆ ನಿಮಿಷ ಇಲ್ಲದಿದ್ದರೆ ಒಂದು ಕಡೆ ತಡವಾದದ್ದು ಕೊನೆವರೆಗೂ ತಡ. ಅದಿದ್ದರೆ ಊರು ಮುಟ್ಟೋಷ್ಟರಲ್ಲಿ ಸರಿಯಾಗುತ್ತೆ. ನಿನ್ನ ಹದಿನಾಲ್ಕು ಹೆಜ್ಜೆಯಲ್ಲಿ ಅಂಥದ್ದು ಎಲ್ಲಿದೆ?

ನಾನು: ಎಲ್ಲೂ ಇಲ್ಲ. ಸ್ನಾನ ಹತ್ತು ನಿಮಿಷ ಅಂತ ಬರೆದಿದ್ದೀನಿ. ಬಿಸಿನೀರಿಗೆ ಕಾಯೋದನ್ನ ಬರೆದೇ ಇಲ್ಲ.

ದೊಡ್ಡಪ್ಪ: ಎಷ್ಟು ಹೊತ್ತು ಹಿಡಿಯುತ್ತೆ ಅಂತ ಗೊತ್ತಿರೋರು ಬರೀಬೇಕು. ನೀನು ಆಸೆಯನ್ನ ಬರೆದಿದ್ದೀಯ.

(ಈ ಒಂದು ಮಾತಿಗಾಗಿಯೇ ಈ ಬರಹ ಬರೆಯಬೇಕೆನ್ನಿಸಿತು. ಆ್ಯಪ್‌ಗಳಲ್ಲಿ ಸಿದ್ಧ ರೊಟೀನ್‌ಗಳು ಬೇಕಾದಷ್ಟು ಸಿಗುತ್ತವೆ: ಐದಕ್ಕೆ ಏಳು, ಧ್ಯಾನ, ಡೈರಿ, ಓಟ. ಅವು ಯಾರದೋ ಮನೆಯ, ಯಾರೋ ಅಡುಗೆ ಮಾಡಿಟ್ಟ ಬೆಳಗು. ಹಾಲಿನವನು ಬರುವುದು, ನಲ್ಲಿ ನೀರು ನಿಲ್ಲುವುದರೊಳಗೆ ಹಿಡಿಯುವುದು, ಮಗುವಿನ ಸಾಕ್ಸ್ ಹುಡುಕುವುದು ಅದರಲ್ಲಿ ಇರುವುದಿಲ್ಲ. ಹಾಗಾಗಿ ಹೊಸಬರಿಗೆ ನಾನೀಗ ಹೇಳುವುದು ಇಷ್ಟು: ಮೊದಲ ಮೂರು ದಿನ ನಿಮಿಷಗಳನ್ನೇ ಹಾಕಬೇಡಿ. ಹೆಜ್ಜೆಗಳನ್ನು ನೀವು ದಿನವೂ ಹೇಗೆ ಮಾಡುತ್ತೀರೋ ಅದೇ ಕ್ರಮದಲ್ಲಿ ಬರೆದು, ಮುಗಿದಾಗ ಆಯ್ತು ಒತ್ತುತ್ತ ಹೋಗಿ. ಎಷ್ಟು ಹೊತ್ತು ಹಿಡಿಯಿತೆಂದು ಆ್ಯಪ್ ಬರೆದುಕೊಳ್ಳುತ್ತದೆ. ನಾಲ್ಕನೇ ದಿನ ಆ ನಿಮಿಷಗಳನ್ನೇ ಇಟ್ಟು, ನಡುವೆ ಎರಡು ಕಡೆ ಐದೈದು ನಿಮಿಷ ಖಾಲಿ ಬಿಡಿ.)

ರಾತ್ರಿ ಊಟಕ್ಕೆ ಕೂತಾಗ ಗೂಡಿನಲ್ಲಿದ್ದ ಎರಡು ಪುಟ್ಟ ಬಾಟಲಿ ಕಣ್ಣಿಗೆ ಬಿದ್ದವು. ದೊಡ್ಡಪ್ಪನಿಗೆ ಗ್ಲಾಕೋಮಾ. ಸರ್ವಿಸಿನುದ್ದಕ್ಕೂ ಎ-ಒನ್ ಅಂತ ಪಾಸಾದ ಕಣ್ಣುಗಳು.

ನಾನು: ಹನಿ ಸರಿಯಾಗಿ ಹಾಕ್ಕೊಳ್ತಿದ್ದೀರಾ?

ದೊಡ್ಡಪ್ಪ: ನಿಮ್ಮ ದೊಡ್ಡಮ್ಮ ಇದ್ದಾಗ ಅವಳೇ ಹಾಕ್ತಿದ್ದಳು. ಮೊದಲು ಹಳದಿ ಮುಚ್ಚಳದ್ದು, ಐದು ನಿಮಿಷ ಬಿಟ್ಟು ಹಸಿರು ಮುಚ್ಚಳದ್ದು. ಈಗ ಒಂದು ಹಾಕ್ಕೊಂಡು ಕಣ್ಣು ಮುಚ್ಚಿ ಕೂರ್ತೀನಿ. ಆಮೇಲೆ ಎರಡನೇದು ಹಾಕ್ಕೊಂಡೆನಾ ಇಲ್ಲವಾ ಅಂತ ನೆನಪಾಗಲ್ಲ.

ನಾನು: ಐದು ನಿಮಿಷ ಬಿಡದಿದ್ದರೆ ಎರಡನೇದು ಮೊದಲನೇದನ್ನ ತೊಳೆದುಬಿಡುತ್ತೆ.

ದೊಡ್ಡಪ್ಪ: ಡಾಕ್ಟರೂ ಅದನ್ನೇ ಹೇಳಿದ್ದು. ನಿನ್ನ ಆ್ಯಪ್‌ನಲ್ಲಿ ಇದನ್ನ ಹಾಕೋಕಾಗುತ್ತಾ?

ಹಾಕಿದೆ. ಆರು ಹೆಜ್ಜೆ: ಕೈ ತೊಳೆಯುವುದು, ಹಳದಿ ಬಲಗಣ್ಣು, ಹಳದಿ ಎಡಗಣ್ಣು, ಕಣ್ಣು ಮುಚ್ಚಿ ಐದು ನಿಮಿಷ, ಹಸಿರು ಬಲಗಣ್ಣು, ಹಸಿರು ಎಡಗಣ್ಣು. ಎಲ್ಲವೂ ಫೋನಿನಲ್ಲೇ ಉಳಿಯುವಂತೆ ಇಟ್ಟೆ. ಅವರ ಕಣ್ಣಿನ ವಿಷಯ ನಮ್ಮ ಸರ್ವರಿಗೆ ಬರಬೇಕಾಗಿಲ್ಲ. ಮಲಗುವ ಮುಂಚೆ ಒಮ್ಮೆ ನಡೆಸಿ ನೋಡಿದೆವು. ನಾಲ್ಕನೇ ಹೆಜ್ಜೆಗೆ ಎಲ್ಲವೂ ನಿಂತಿತು.

ದೊಡ್ಡಪ್ಪ: ಕಣ್ಣು ಮುಚ್ಚಿದ್ದೀನಿ. ನಿನ್ನ ಬಳೆ ಎಲ್ಲಿ ಕರಗ್ತಿದೆ ಅಂತ ಹೇಗೆ ನೋಡಲಿ? ಆಯ್ತು ಅಂತ ಎಲ್ಲಿ ಒತ್ತಲಿ?

ನಾನು: ತಪ್ಪು ನನ್ನದು. ಈ ಹೆಜ್ಜೆ ತಾನೇ ಮುಂದಕ್ಕೆ ಹೋಗೋ ಹಾಗೆ ಮಾಡ್ತೀನಿ, ಮುಗಿದಾಗ ಮಾತಾಡೋ ಹಾಗೆ. ಕೇಳಿ ಈಗ.

ಫೋನು ಕನ್ನಡದಲ್ಲೇ ಹೇಳಿತು: ಹಂತ ನಾಲ್ಕು ಪೂರ್ಣಗೊಂಡಿದೆ, ದಯವಿಟ್ಟು ಮುಂದಿನ ಹಂತಕ್ಕೆ ಮುಂದುವರಿಯಿರಿ.

ದೊಡ್ಡಪ್ಪ: ಮನೇಲಿ ಯಾರಮ್ಮ ಹೀಗೆ ಮಾತಾಡ್ತಾರೆ? ಹಸಿರು, ಬಲಗಣ್ಣು. ಅಷ್ಟು ಸಾಕು.

ನಾನು: ಧ್ವನಿಯನ್ನ ನಾವೇ ತುಂಬಿಸೋ ಏರ್ಪಾಡೂ ಇದೆ. ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳಿಸಲಾ?

ದೊಡ್ಡಪ್ಪ: ಬೇಡ. ಮಗು ಮಲಗಿಸ್ತಿರ್ತಾಳೆ. ಅದೂ ಅಲ್ಲದೆ, ಸಿಗ್ನಲ್ಲು ಕಂಡವನು ತಾನೇ ಕೂಗಬೇಕು. ಎಂಜಿನ್‌ನಲ್ಲಿ ಸಿಗ್ನಲ್ ಕಂಡ ಕೂಡಲೇ ಒಬ್ಬರು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ತಾವೂ ನೋಡಿ ಅದನ್ನೇ ತಿರುಗಿ ಹೇಳಬೇಕು. ಬರೀ ಮನಸ್ಸಲ್ಲಿ ಅಂದುಕೊಂಡರೆ ಕಣ್ಣು ನೋಡಿರುತ್ತೆ, ತಲೆ ನೋಡಿರಲ್ಲ.

ನಾನು: ಜಪಾನಿನ ಡ್ರೈವರುಗಳು ಕೈ ತೋರಿಸಿ ಕೂಗ್ತಾರೆ. ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ ಪರೀಕ್ಷೆ ಮಾಡಿದಾಗ, ಸುಮ್ಮನೆ ಮಾಡಿದರೆ ನೂರಕ್ಕೆ 2.38 ತಪ್ಪು, ಬೆರಳು ತೋರಿಸಿ ಬಾಯಲ್ಲಿ ಹೇಳಿ ಮಾಡಿದರೆ 0.38.

ದೊಡ್ಡಪ್ಪ: ಕೊಡು ಇಲ್ಲಿ. ಎಲ್ಲಿ ಮಾತಾಡಬೇಕು?

ಅವರು ಫೋನನ್ನು ಬಾಯಿಯ ಹತ್ತಿರ ಹಿಡಿದು, ಎಂಜಿನ್ ಸದ್ದಿನ ಮೇಲೆ ಕೇಳಿಸಬೇಕೆಂಬಂತೆ ಆರೂ ಹೆಜ್ಜೆಗಳನ್ನು ಕೂಗಿದರು. ಆ ಹೊತ್ತಿನಲ್ಲಿ ಪಕ್ಕದ ಮನೆಯ ನಾಯಿ ಬೊಗಳಿತು.

ಭಾನುವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ದೊಡ್ಡಪ್ಪ ಜಗಲಿಯ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ, ಮೂಗಿನ ಎರಡೂ ಬದಿಗೆ ಬೆರಳೊತ್ತಿ ಕೂತಿದ್ದರು. ಪಕ್ಕದ ಸ್ಟೂಲಿನ ಮೇಲೆ ಫೋನು, ಅದರ ಆಚೆ ಈಚೆ ಎರಡು ಬಾಟಲಿ. ಸ್ಟೇಷನ್ ಕಡೆಯಿಂದ ಯಾವುದೋ ಗಾಡಿಯ ಹಾರ್ನ್ ಕೇಳಿಸಿತು. ಐದು ನಿಮಿಷ ತುಂಬಿದಾಗ ಫೋನಿನಿಂದ ಅವರದೇ ದನಿ ಬಂತು.

‘ಹಸಿರು, ಬಲಗಣ್ಣು.’

ದೊಡ್ಡಪ್ಪ ಕಣ್ಣು ತೆರೆದು, ಹಸಿರು ಮುಚ್ಚಳದ ಬಾಟಲಿ ಕೈಗೆತ್ತಿಕೊಂಡು, ಅಷ್ಟೇ ಗಟ್ಟಿಯಾಗಿ ತಿರುಗಿ ಹೇಳಿದರು:

‘ಹಸಿರು, ಬಲಗಣ್ಣು.’